ಒಂದು ಕೋಟಿ ಒಂದು ಮತ್ತು ಇತರ ಭಯಗಳು

ಆರೇಳು ಅಂಕಿಯ ಸಂಖ್ಯೆ ಕಂಡರೆ ನನಗೆ ಅಂಗೈ ಬೆವರುತ್ತದೆ. ಅಂಥವನಿಗೆ ಎಂಬತ್ತರ ದಶಕದಲ್ಲಿ ವಿಶಾಖಪಟ್ಟಣ ಬಂದರಿನಲ್ಲಿ ಸಿಕ್ಕಿದ್ದು ತೂಕದ ಗುಮಾಸ್ತನ ಕೆಲಸ. ಮಂಡ್ಯ ಬಿಟ್ಟ ದಿನದಿಂದ ಒಂದಲ್ಲ ಒಂದು ಸಂಖ್ಯೆ ನನ್ನನ್ನು ಹೆದರಿಸುತ್ತಲೇ ಬಂದಿದೆ.

1. ಕಾಣೆಯಾದ ಅದಿರು

ಕೆಲಸಕ್ಕೆ ಸೇರಿ ಎರಡನೇ ವಾರ. ಹಡಗಿಗೆ ತುಂಬಿದ ಅದಿರು ತೂಕದ ಚೀಟಿಯಲ್ಲಿ 5,43,672 ಕಿಲೋ, ನನ್ನ ಪುಸ್ತಕದಲ್ಲಿ 5,34,672. ಒಂಬತ್ತು ಸಾವಿರ ಕಿಲೋ ಮಾಯ. ಜೈಲೇ ಗತಿ, ಊರಲ್ಲಿ ಅಮ್ಮನಿಗೆ ಯಾರು ಹೇಳುತ್ತಾರೆ ಎಂದುಕೊಳ್ಳುತ್ತಾ ಮೇಲಧಿಕಾರಿಯ ಮುಂದೆ ನಿಂತೆ. ಅವರು ತಲೆಯನ್ನೂ ಎತ್ತಲಿಲ್ಲ.

"ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತಾ?"

"ಆಗುತ್ತೆ ಸರ್."

"ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಯಾವಾಗಲೂ ಹಾಗೇ. ನಲವತ್ಮೂರನ್ನು ಮೂವತ್ನಾಲ್ಕು ಅಂತ ಬರೆದಿದ್ದೀರಿ. ಹೋಗಿ ತಿದ್ದಿ."

ಹೋದ ಜೀವ ಬಂತು. ಆದರೆ ಸುದ್ದಿ ಆಗಲೇ ಗೇಟು ಮುಟ್ಟಿತ್ತು. ಸಂಜೆ ಕಾವಲುಗಾರ ನನ್ನನ್ನು ತಡೆದು, ಒಂಬತ್ತು ಸಾವಿರ ಕಿಲೋ ಅದಿರಿಗಾಗಿ ಊಟದ ಡಬ್ಬಿಯ ಮೂರು ಅಂತಸ್ತನ್ನೂ ಬಿಚ್ಚಿಸಿ ನೋಡಿದ.

2. ಸ್ಕೂಟರಿನ ಶನಿ

ಪಕ್ಕದ ಮನೆಯವನು ನೌಕಾಪಡೆಯವನು, ಧಾರವಾಡದ ಕಡೆಯವನು. ವಾರಗಟ್ಟಲೆ ಜಲಾಂತರ್ಗಾಮಿಯಲ್ಲಿ ಸಮುದ್ರದಡಿ ಇದ್ದು ಬರುವ ಗಟ್ಟಿಗ. ಹೊಸ ಸ್ಕೂಟರ್ ಕೊಂಡ. ಅದರ ಇಂಜಿನ್ ನಂಬರಿನ ಏಳು ಅಂಕಿಗಳನ್ನು ಕೂಡಿ, ಬಂದದ್ದನ್ನು ಮತ್ತೆ ಕೂಡಿದರೆ ಎಂಟು ಬರುತ್ತದೆ, ಎಂಟೆಂದರೆ ಶನಿ ಎಂದು ಯಾರೋ ಹೇಳಿಬಿಟ್ಟರು. ಮುಖ ಬಿಳಿಚಿಕೊಂಡು ನನ್ನ ಹತ್ತಿರ ಬಂದ.

"ಇದನ್ನ ಹತ್ತಾಕ ಧೈರ್ಯ ಆಗವಲ್ದರಿ."

"ಒಂಬತ್ತರಿಂದ ಗುಣಿಸಿ," ಅಂದೆ. "ಎಷ್ಟೇ ದೊಡ್ಡ ಸಂಖ್ಯೆಯಾಗಲಿ, ಒಂಬತ್ತರಿಂದ ಗುಣಿಸಿ ಅಂಕಿ ಕೂಡುತ್ತಾ ಹೋದರೆ ಕೊನೆಗೆ ಒಂಬತ್ತೇ ಉಳಿಯೋದು. ಶನಿಗೆ ಜಾಗವಿಲ್ಲ."

ಅಲ್ಲೇ ಕೂತು ಗುಣಿಸಿದ, ಕೂಡಿದ, ನಿಟ್ಟುಸಿರು ಬಿಟ್ಟ. ವಾರ ಕಳೆದ ಮೇಲೆ ಅವನ ಹೆಂಡತಿ ನನ್ನನ್ನು ನಿಲ್ಲಿಸಿ ಕೇಳಿದಳು: "ಇವರಿಗೆ ಏನ್ ಹೇಳಿಕೊಟ್ಟೀರಿ? ಒಂದ ಕಿಕ್ಕಿಗೆ ಚಾಲೂ ಆಗೋ ಗಾಡಿ. ಇವರು ಒಂಬತ್ತು ಹೊಡದ ಮ್ಯಾಲೇ ಹತ್ತತಾರ."

3. ಹೆಣ್ಣು ನೋಡಿದ್ದು

ವಿಜಯವಾಡದಲ್ಲಿ, ಬೆಂಜ್ ಸರ್ಕಲ್ ಹತ್ತಿರದ ಮನೆ. ಹುಡುಗಿಯ ತಾಯಿ ಕನ್ನಡದವರು. ತಂದೆ ತೆಲುಗರು, ನಿವೃತ್ತ ಗಣಿತ ಮೇಷ್ಟ್ರು. ಅವರ ಕನ್ನಡ, ಹೆಂಡತಿಯಿಂದ ಕಲಿತದ್ದು. ನಾನು ಉಪ್ಪಿಟ್ಟಿಗೆ ಕೈ ಹಾಕುವ ಮೊದಲೇ ಕಾಗದದ ಮೇಲೆ 1,00,00,001 ಎಂದು ಬರೆದು ನನ್ನ ಮುಂದೆ ಇಟ್ಟರು.

"ಒಂದು ಕೋಟಿ ಒಂದು. ಒಂದನ್ನು ಬಿಟ್ಟರೆ, ಇದನ್ನು ಶೇಷವಿಲ್ಲದೆ ಭಾಗಿಸುವ ಅತಿ ಚಿಕ್ಕ ಸಂಖ್ಯೆ ಯಾವುದು, ಹೇಳಿ ಬಾಬು."

ಹುಡುಗಿ ನನಗೆ ಆಗಲೇ ಇಷ್ಟವಾಗಿದ್ದಳು; ಈ ಸಂಖ್ಯೆಯಿಂದ ಎಲ್ಲ ಕೈತಪ್ಪುತ್ತದೆ ಅನ್ನಿಸಿತು. ಆಗ ತಂದೆಯ ಕುರ್ಚಿಯ ಹಿಂದೆ, ಬಾಗಿಲ ಪರದೆಯ ಸಂದಿಯಲ್ಲಿ ಅವಳು ಕಂಡಳು. ಎರಡೂ ಕೈ ಎತ್ತಿ ಒಂದೊಂದು ಬೆರಳು ತೋರಿಸಿದಳು. ಒಂದು, ಒಂದು.

"ಎರಡು," ಅಂದೆ.

ಮೇಷ್ಟ್ರು ಕಾಗದವನ್ನು ನನ್ನ ಕಡೆ ಇನ್ನಷ್ಟು ಸರಿಸಿದರು. "ಕೊನೆಯ ಅಂಕಿ ಒಂದು. ಅದು ಎರಡರಿಂದ ಹೇಗೆ ಭಾಗವಾಗುತ್ತೆ?"

ಪರದೆಯ ಹಿಂದಿನಿಂದ, ಅಪ್ಪನನ್ನು ತೆಲುಗಿನಲ್ಲಿ ಕರೆಯುತ್ತಾ, ಸಣ್ಣ ದನಿ ಬಂತು: "ನಾನ್ನಾ, ನಾನು ಹನ್ನೊಂದು ಅಂತ ತೋರಿಸಿದ್ದು. ಅವರು ಎರಡೂ ಕೂಡಿಬಿಟ್ಟರು."

ಎದ್ದು ಹೋಗೋಣ ಎಂದು ಚಪ್ಪಲಿ ಎಲ್ಲಿದೆ ನೋಡಿದೆ. ಮೇಷ್ಟ್ರು ಕಾಗದ ಮಡಚಿ ಹೆಂಡತಿಯ ಕಡೆ ತಿರುಗಿದರು.

"ಗಣಿತ ಏನೂ ಬರಲ್ಲ. ಆದರೆ ನಮ್ಮ ಹುಡುಗಿ ಕೈ ಎತ್ತಿದರೆ ಸಾಕು, ಸರಿಯೋ ತಪ್ಪೋ ನೋಡದೆ ಒಪ್ಪಿಕೊಳ್ತಾನೆ. ತಾಂಬೂಲ ತಗೊಂಡು ಬಾ."