ಮಗಳ ಮದುವೆಯಲ್ಲಿ ಮಾತು ಕೆಡಿಸಿದ ಸೈನಸ್ ಅವರಿಗೆ

ನನ್ನ ಹಣೆಯಲ್ಲೂ ಕೆನ್ನೆಯ ಹಿಂದೆಯೂ ಬಿಟ್ಟಿ ಬಿಡಾರ ಹೂಡಿರುವ ಮಾನ್ಯ ಸೈನಸ್ ಅವರೇ,

ಗಿಂಬಾಲ್ ಊರಿನಲ್ಲಿ ಜೀಪ್ನಿ ಎಂಬ ಬಾಡಿಗೆ ಜೀಪು-ಬಸ್ಸು ಓಡಿಸಿ ನಿವೃತ್ತನಾದ ತಿಯೊದುಲ್ಫೊ ತಲೆಬಾಗಿ ಮಾಡುವ ನಮಸ್ಕಾರಗಳು. ತಲೆಬಾಗಿ ಎಂದದ್ದು ಬರಹದಲ್ಲಿ ಮಾತ್ರ. ನಿಜವಾಗಿ ಬಾಗಿದರೆ ತಾವು ಹಣೆಗೆ ಗುದ್ದುತ್ತೀರಿ.

ಡೀಸೆಲ್ ಹೊಗೆಯನ್ನೂ ಸಿಗರೇಟನ್ನೂ ಉಂಡುಂಡು ನನ್ನ ಶ್ವಾಸಕೋಶ ಎಂದೋ ಕೆಟ್ಟಿರುವುದು ತಮಗೆ ತಿಳಿಯದ್ದಲ್ಲ. ಮಗಳು ಜೋವಿಲಿನ್‌ಳ ಮದುವೆಗೆ ಅಂಗಿಯ ಅಳತೆ ಕೊಡಲು ಹೋದಾಗ ದರ್ಜಿಯಿಂದ ಅಂಟಿದ ಶೀತವು ಸಭ್ಯ ನೆಂಟನಂತೆ ಬೇಗನೆ ಹೊರಟುಹೋಯಿತು. ತಾವು ಮಾತ್ರ ಅದರ ಗಂಟುಮೂಟೆ ಒಳಗಿಟ್ಟುಕೊಂಡು, ಊದಿಕೊಂಡು, ಬಾಗಿಲು ಹಾಕಿಕೊಂಡಿರಿ.

"ಡಾಕ್ಟರ್ ಹತ್ರ ಹೋಗ್ರೀ, ಆ ಎದೆ ಇಟ್ಕೊಂಡು ಆಟ ಆಡ್ಬೇಡಿ" ಎಂದಳು ಹೆಂಡತಿ ಕೊನ್ಸೋರ್ಸಿಯಾ.

"ಮದುವೆ ಮುಗೀಲಿ ಕಣೇ, ಬರೀ ಮೂಗು ತಾನೆ" ಎಂದೆ.

ಔತಣದಲ್ಲಿ ಮೈಕು ಹಿಡಿದು "ನನ್ನ ಅಳಿಯ ನನ್ನ ಮನೆಯ ಮಾಣಿಕ್ಯ" ಎಂದು ಹೊಗಳಹೊರಟೆ. ತಮ್ಮ ಕೃಪೆಯಿಂದ ಹೊರಬಿದ್ದದ್ದು "ದದ್ದ ಅಳಿಯ ದದ್ದ ಬದೆಯ ಬಾಣಿಕ್ಯ." ಎಲ್ಲರಿಗೂ ಕೇಳಿಸಿದ್ದು "ದಡ್ಡ ಅಳಿಯ." ಬೀಗಿತ್ತಿ ಚಮಚ ಕೆಳಗಿಟ್ಟರು. ನನ್ನ ಭಾವಮೈದುನ "ಭಾವ ಸತ್ಯ ಹೇಳ್ಬಿಟ್ರು!" ಎಂದು ಕೂಗಿದ. ತಿದ್ದಿ ಹೇಳಲು ಉಸಿರೆಳೆದೆ, ಉಸಿರೇ ಇರಲಿಲ್ಲ. ಮೂಗು ಮುಚ್ಚಿತ್ತು, ಎದೆ ಸೀಟಿ ಹೊಡೆಯುತ್ತಿತ್ತು, ತುಟಿ ನೀಲಿಗಟ್ಟಿತ್ತು.

ಆಗ ಆ ದಡ್ಡ ಅಳಿಯ ಅರ್ನೆಲ್, ಕಸೂತಿ ಅಂಗಿ ಹರಿದರೂ ಲೆಕ್ಕಿಸದೆ ನನ್ನನ್ನು ಎತ್ತಿಕೊಂಡು ಓಡಿದ. "ಮಾವ, ಬೈಗುಳ ಆಮೇಲೆ, ಮೊದ್ಲು ಉಸಿರಾಡಿ!"

ಆಸ್ಪತ್ರೆಯ ಡಾಕ್ಟರಮ್ಮ ಆಮ್ಲಜನಕ ಹಚ್ಚಿ, "ನಿಮ್ಮಂಥ ಎದೆ ಇರೋರಿಗೆ ಬರೀ ಮೂಗು ಅನ್ನೋದೇ ಇಲ್ಲ. ಮೇಲೆ ಊದಿಕೊಂಡ್ರೆ ಕೆಳಗೂ ಕೆಡಬಹುದು" ಎಂದರು. ಹೆಂಡತಿ ನನ್ನನ್ನೇ ನೋಡಿದಳು. ಬಾಯಿಗೆ ಆಮ್ಲಜನಕದ ಮಾಸ್ಕ್ ಹಾಕಿದ್ದರಿಂದ ಉತ್ತರಿಸುವ ಕಷ್ಟ ತಪ್ಪಿತು. ಮದುಮಗಳ ಉಡುಪಿನಲ್ಲೇ ಬಂದ ಜೋವಿಲಿನ್ ಕೈ ಹಿಡಿದು, "ಭಾಷಣ ಬೇಡಪ್ಪಾ, ನೀನಿದ್ರೆ ಸಾಕು" ಎಂದಳು. ನನಗೆ ಅಳು ಬಂತು. ಅಳುವುದಕ್ಕೂ ತಾವು ದಾರಿ ಬಿಡಲಿಲ್ಲ.

ಈಗ ಡಾಕ್ಟರಮ್ಮನ ಅಪ್ಪಣೆಯಂತೆ ದಿನವೂ ತಮಗೆ ಉಪ್ಪುನೀರಿನ ಅಭಿಷೇಕ ನಡೆದಿದೆ. ಮುಂದೆಂದಾದರೂ ದಯಮಾಡಿಸುವುದಾದರೆ ಮೊದಲೇ ಕೊನ್ಸೋರ್ಸಿಯಾಳ ಅನುಮತಿ ಪಡೆಯಬೇಕಾಗಿ ವಿನಂತಿ, ಮತ್ತೆ ಕಾಯಿಲೆ ಬೀಳಲು ನನಗಂತೂ ಅದು ಸಿಕ್ಕಿಲ್ಲ.

ಒಂದೇ ಹೊಳ್ಳೆಯಿಂದ ಉಸಿರಾಡುತ್ತಿರುವ,
ತಮ್ಮ ವಿಶ್ವಾಸಿ,
ತಿಯೊದುಲ್ಫೊ

ಮರೆತ ಮಾತು: ನಿನ್ನೆ ತಾವು ಕೊಂಚ ಸರಿದು ಕೂತಿರಬೇಕು, ವಾಸನೆ ಮರಳಿತು. ಮೊದಲು ಸಿಕ್ಕಿದ್ದು ನೆರೆಮನೆಯ ಹಂದಿಗೂಡಿನದು. ಆನಂದದಿಂದ ಅಲ್ಲೇ ಕೂತು ಮೂಸುತ್ತಿದ್ದೆ. ಹೆಂಡತಿ ಕಂಡು ಡಾಕ್ಟರಮ್ಮನಿಗೆ ಫೋನ್ ಮಾಡಿದ್ದಾಳೆ: "ಮೂಗು ಸರಿಹೋಯ್ತು ಡಾಕ್ಟ್ರೇ, ಈಗ ತಲೆ ನೋಡಿ."