ಪಾಟ್ಲಿ ಬಿಡಿಸಲು ಹೋದವನು

ಯಾರಾದರೂ ನನ್ನನ್ನು ಮರ್ಯಾದೆಯಿಂದ ಮಾತಾಡಿಸಿದರೆ ನಾನು ಕೆಟ್ಟೆ. ಇದು ನನ್ನ ಹುಟ್ಟುಗುಣ. ಮನೆಯಲ್ಲಿ ಹೆಂಡತಿ ಶಾಂತಾ ‘ನಿಮಗೇನ್ ತಿಳಿತೈತ್ರಿ’ ಎನ್ನುತ್ತಾಳೆ. ಕಚೇರಿಯಲ್ಲಿ ಸಾಹೇಬರು ಅದನ್ನೂ ಅನ್ನುವುದಿಲ್ಲ, ಬರೀ ಗಂಟೆ ಒತ್ತುತ್ತಾರೆ. ಹೀಗೆ ಒಣಗಿ ಕೂತ ಮನುಷ್ಯನಿಗೆ ಒಬ್ಬ ಅಪರಿಚಿತ ಫೋನು ಮಾಡಿ, ‘ನಮಸ್ಕಾರ್ರಿ ಸರ, ಊಟಾ ಆತೇನ್ರಿ?’ ಎಂದರೆ ಏನಾಗಬೇಕು? ಹಿಂದಿಯಲ್ಲೋ ಬೆಂಗಳೂರಿನ ಕನ್ನಡದಲ್ಲೋ ಸಾಲ ಬೇಕೇ ಎಂದು ಕೇಳುವವರ ಫೋನನ್ನು ನಾನು ಸಲೀಸಾಗಿ ಕಟ್ ಮಾಡುತ್ತೇನೆ. ಇವನು ನಮ್ಮ ವಿಜಯಪುರದ ಮಾತಿನಲ್ಲಿ ಊಟ ಕೇಳಿದ. ಊಟ ಕೇಳಿದವನ ಫೋನು ಇಡಲು ನನಗೆ ಭಿಡೆ.

ಆಗ ನನಗೆ ಸಾಲ ಬೇಕಾಗಿಯೂ ಇತ್ತು. ಜಲನಗರದ ನಮ್ಮ ಮನೆಯ ಮೇಲೆ ಇನ್ನೊಂದು ಖೋಲಿ ಏರಿಸುವ ಹುಚ್ಚಿನಲ್ಲಿ ಶಾಂತಾಳ ಪಾಟ್ಲಿಗಳನ್ನು, ಅಂದರೆ ಅವಳ ತವರಿನವರು ಹಾಕಿದ ಬಂಗಾರದ ಬಳೆಗಳನ್ನು, ಸೊಸೈಟಿಯಲ್ಲಿ ಅಡವಿಟ್ಟಿದ್ದೆ. ಅಷ್ಟರಲ್ಲಿ ತಿಕೋಟಾದಲ್ಲಿ ಅವಳ ತಮ್ಮ ಮಲ್ಲಪ್ಪನಿಗೆ ಎರಡನೇ ಕೂಸು ಹುಟ್ಟಿತು. ತೊಟ್ಟಿಲ ಕಾರ್ಯದಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ನೆರೆದ ಹೆಂಗಸರು ನೋಡುವುದು ಕೂಸನ್ನಲ್ಲ, ತೊಟ್ಟಿಲು ಹಿಡಿದ ಅವಳ ಕೈಯನ್ನು. ‘ಪಾಟ್ಲಿ ಇಲ್ಲದ ನಾ ತವರಮನಿ ಮೆಟ್ಟಲಾ ಹತ್ತೂದಿಲ್ಲ’ ಎಂದಳು ಶಾಂತಾ. ಬಿಡಿಸಿಕೊಡುತ್ತೇನೆ ಎಂದು ಮಾತು ಕೊಟ್ಟೆ. ಅರ್ಧ ದುಡ್ಡು ಕೂಡಿಸಿಟ್ಟಿದ್ದೆ. ಉಳಿದರ್ಧಕ್ಕೆ ಈ ಊಟ ಕೇಳಿದವನು ಒದಗಿದ.

ಸಾಲ ಪಾಸಾಗಿದೆ, ಆದರೆ ಮೊದಲು ಫೈಲ್ ಚಾರ್ಜು ತುಂಬಬೇಕು ಎಂದ. ಬೇರೆ ಯಾರಾದರೂ ಇಲ್ಲೇ ಎಚ್ಚರಾಗುತ್ತಿದ್ದರು. ನಾನು ಇಲ್ಲೇ ನಿಶ್ಚಿಂತನಾದೆ. ಏಕೆಂದರೆ ನಾನು ಬಬಲೇಶ್ವರದ ಕಡೆಯ ಸಾರವಾಡದವನು. ನಮ್ಮಲ್ಲಿ ಸಂಚಕಾರವಿಲ್ಲದೆ ಯಾವ ವ್ಯವಹಾರವೂ ಇಲ್ಲ. ಎಮ್ಮೆ ಕೊಳ್ಳಲಿ, ಬಾಜಾದವರನ್ನು ಗೊತ್ತು ಮಾಡಲಿ, ಒಣದ್ರಾಕ್ಷಿ ಹಿಡಿಯಲಿ, ಮುಂಗಡವಾಗಿ ಒಂದಿಷ್ಟು ಸಂಚಕಾರ ಕೈಗೆ ಬಿದ್ದ ಮೇಲೆ ಸ್ವತಃ ಬ್ರಹ್ಮ ಬಂದರೂ ಮಾತು ಬದಲಾಗದು. ‘ಸಂಚಕಾರ ತಗೊಂಡವ ಓಡಿ ಹೋಗೂದಿಲ್ಲೋ ತಮ್ಮಾ’ ಎನ್ನುತ್ತಿದ್ದ ನಮ್ಮಪ್ಪ. ಹಾಗಾಗಿ ಅವನು ದುಡ್ಡು ಕೇಳಿದೊಡನೆ, ನಂಬಿಗಸ್ತ ಮನುಷ್ಯ ಎನ್ನಿಸಿತು. ತುಂಬಿದೆ. ಆಮೇಲೆ ಇನ್ಶೂರೆನ್ಸು ಎಂದ, ತುಂಬಿದೆ. ಟ್ಯಾಕ್ಸು ಎಂದ, ಅದನ್ನೂ ತುಂಬಿದೆ. ‘ಇವತ್ತ ಸಂಜಿಕ ಸ್ಕೀಮ್ ಮುಗಿತೈತ್ರಿ ಸರ’ ಎಂದು ಅವಸರ ಮಾಡಿದ. ದುಡ್ಡು ಹೋಗುತ್ತಿದ್ದುದು ಬ್ಯಾಂಕಿಗಲ್ಲ, ಯಾವನೋ ಒಬ್ಬನ ಖಾತೆಗೆ. ನಿಮ್ಮ ಕಚೇರಿ ಎಲ್ಲಿ ಎಂದರೆ ‘ಎಲ್ಲಾ ಆನ್‌ಲೈನ್ ರೀ’. ಇಂಥವರ ಬಗ್ಗೆ ಎಚ್ಚರಿಸುವ ದೊಡ್ಡ ಪೋಸ್ಟರು ನಮ್ಮ ಕಚೇರಿಯಲ್ಲೇ ಇದೆ. ಅದನ್ನು ನನ್ನ ಕುರ್ಚಿಯ ಹಿಂದಿನ ಗೋಡೆಗೆ ಅಂಟಿಸಿದ್ದಾರೆ. ನನ್ನೆದುರಿಗೆ ಬಂದು ಕೂತವರೆಲ್ಲ ಓದಿಕೊಂಡು ಹೋಗುತ್ತಾರೆ.

ಕೂಡಿಟ್ಟ ಅರ್ಧವೂ ಮುಗಿದ ದಿನ ಅವನ ನಂಬರು ಸ್ವಿಚ್ ಆಫ್ ಆಯಿತು. ನಾಚಿಕೆಯಿಂದ ನಾಲ್ಕಾರು ದಿನ ಬಾಯಿ ಬಿಡಲಿಲ್ಲ. ಕೊನೆಗೆ ಪೊಲೀಸರಿಗೆ ದೂರು ಕೊಡಲು ಹೋದರೆ, ‘ಅವತ್ತ ಬಂದಿದ್ರ ರೊಕ್ಕಾ ತಡೀಬಹುದಿತ್ತೇನೋರಿ’ ಎಂದರು. ಶಾಂತಾಳಿಗೆ ಹೇಳಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ‘ಅಲ್ರೀ, ಸಾಲಾ ಕೊಡಾವ ಅವ. ಸಂಚಕಾರ ಅವ ಕೊಡಬೇಕಲ್ಲ?’ ಎಂದು ಕೇಳಿ ಒಳಗೆ ಹೋದಳು. ಇಷ್ಟು ಸರಳ ಪ್ರಶ್ನೆ ನನ್ನ ತಲೆಗೆ ಯಾಕೆ ಹೊಳೆಯಲಿಲ್ಲವೋ, ಆ ತಲೆಯನ್ನೇ ಕೇಳಬೇಕು.

ತಿಕೋಟಾಕ್ಕೆ ಹೋಗದೆ ಗತಿಯಿರಲಿಲ್ಲ. ಶಾಂತಾ ಎರಡೂ ಕೈತುಂಬ ಹಸಿರು ಗಾಜಿನ ಬಳೆ ಏರಿಸಿಕೊಂಡು ಬಸ್ಸು ಹತ್ತಿದಳು. ತೊಟ್ಟಿಲ ಮುಂದೆ ಅವಳ ಚಿಗವ್ವ ಕೇಳಿಯೇಬಿಟ್ಟಳು: ‘ಯಾಕ ಬೇ ಶಾಂತಾ, ಪಾಟ್ಲಿ ಎಲ್ಲಿ?’ ‘ಪಾಲಿಶಿಗೆ ಕೊಟ್ಟೇನಿ ಚಿಗವ್ವಾ, ಪತ್ತಾರ ಇನ್ನಾ ಕೊಟ್ಟಿಲ್ಲ’ ಎಂದು ನಗುತ್ತ ಹೇಳಿ ಕೂಸಿನ ಕಿವಿಗೆ ಬಾಗಿದಳು. ಹೆಸರು ಹೇಳಿದ್ದೇ ತಡ, ಹೆಂಗಸರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು. ಆ ಗುದ್ದು ನನಗೆ ಬೀಳಬೇಕಿತ್ತು.

ಊಟಕ್ಕೆ ಕೂತಾಗ ಮಲ್ಲಪ್ಪ ಭಾರಿ ಖುಷಿಯಲ್ಲಿದ್ದ. ‘ಮಾಮಾ, ದ್ರಾಕ್ಷಿ ಒಣಗಸೂ ಶೆಡ್ಡಿಗೆ ಲೋನ್ ಪಾಸ್ ಆಗೇತ್ರಿ! ಬ್ಯಾಂಕಿಗೆ ಹೋಗೂದು ಬ್ಯಾಡ, ಸಹಿ ಬ್ಯಾಡ. ನಾಳೆ ಫೈಲ್ ಚಾರ್ಜ್ ಅಷ್ಟ ಹಾಕೂದು.’ ಮುರಿದ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟೆ. ‘ಹಾಕಬ್ಯಾಡೋ, ಅದು ಮೋಸ. ಪೇಪರಿನ್ಯಾಗ ಬಂದೈತಿ’ ಎಂದೆ. ‘ಪೇಪರಿನ್ಯಾಗ ಏನೇನೋ ಬರ್ತೈತ್ರಿ’ ಎಂದು ನಕ್ಕ. ಶಾಂತಾಳ ಕಡೆ ನೋಡಿದೆ. ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡಳು. ಆದರೂ ತಡೆಯಲಾಗಲಿಲ್ಲ. ಪಂಕ್ತಿಯಲ್ಲಿ ಅವಳ ತವರಿನವರೆಲ್ಲ ಕೂತಿರುವಾಗಲೇ ಹೇಳಿಬಿಟ್ಟೆ: ‘ಯಪ್ಪಾ, ಪಾಟ್ಲಿ ಪಾಲಿಶಿಗೆ ಹೋಗಿಲ್ಲೋ! ಸೊಸೈಟ್ಯಾಗ ಅದಾವ. ಬಿಡಸೂ ರೊಕ್ಕಾ ನಾ ಇಂಥಾವನಿಗೇ ಹಾಕೇನಿ.’

ಸಾರು ಬಡಿಸುತ್ತಿದ್ದವನು ಸೌಟು ಹಿಡಿದೇ ನಿಂತ. ಶಾಂತಾ ಎದ್ದು ಒಳಗೆ ಹೋದಳು. ನನ್ನ ಮಾನ ಹೋದರೆ ಹೋಗಲಿ, ಇವನಾದರೂ ಉಳಿದನಲ್ಲ ಎಂದುಕೊಂಡೆ. ಮಲ್ಲಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟ. ಅವನಿಗೆ ನಿಜವಾಗಿಯೂ ಮರುಕವಾಗಿತ್ತು. ‘ಪಾಪ, ಮಾಮಾ. ನೀವು ಭಾಳ ಭೋಳೆ ಅದೀರಿ, ಅದಕ್ಕ ಹಂಗಾತು. ನನಗ ಲೋನ್ ಕೊಡಾವ ಅಂಥಾವಲ್ರಿ. ದಿನಾ ಫೋನ್ ಮಾಡಿ ಕೂಸು ಆರಾಮ ಐತೇನು ಅಂತ ಕೇಳ್ತಾನ.’ ಮರುದಿನವೇ ದುಡ್ಡು ಹಾಕಿದ.

ಅಂದಿನಿಂದ ಶಾಂತಾ ನನ್ನೊಡನೆ ಮಾತು ಕಡಿಮೆ ಮಾಡಿದ್ದಾಳೆ. ಪಾಟ್ಲಿಯ ಮಾತಂತೂ ಎತ್ತುವುದೇ ಇಲ್ಲ. ಎತ್ತಿ ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಮೊನ್ನೆ ಬೆಳಿಗ್ಗೆ ಮಲ್ಲಪ್ಪನ ಫೋನು ಬಂತು. ದನಿ ಕೇಳಿದೊಡನೆ ತಿಳಿಯಿತು, ಅವನದೂ ಹೋಗಿದೆ. ಸಾಲವೂ ಇಲ್ಲ, ಶೆಡ್ಡೂ ಇಲ್ಲ. ನಾನು ಸಮಾಧಾನ ಹೇಳುವ ಮೊದಲೇ ಅವನು ಚೇತರಿಸಿಕೊಂಡ. ‘ಆದ್ರ ಕೇಳ್ರಿ ಮಾಮಾ, ಹಿಂಗ ಹೋದ ರೊಕ್ಕಾ ವಾಪಸ್ ತಗಸಿ ಕೊಡೂ ವಕೀಲರೊಬ್ಬರು ತಾವ ಫೋನ್ ಮಾಡಿದ್ರು. ಭಾಳ ಚಲೋ ಮನಶ್ಯಾ. ನಿಮ್ಮ ಹೆಸರೂ ಕೊಟ್ಟೇನಿ. ಸ್ವಲ್ಪ ಫೀ ಅಷ್ಟ ಮೊದಲ ತುಂಬಬೇಕಂತ.’

ಎಂಥ ಹುಚ್ಚ ಇವನು! ಇಷ್ಟಾದ ಮೇಲೂ ಬುದ್ಧಿ ಬರಲಿಲ್ಲವಲ್ಲ! ಇವತ್ತು ಸರಿಯಾಗಿ ಛೀಮಾರಿ ಹಾಕಬೇಕೆಂದು ಎದ್ದು ನಿಂತೆ. ಅಡುಗೆಮನೆಯಲ್ಲಿ ಶಾಂತಾ ರೊಟ್ಟಿ ಬಡಿಯುತ್ತಿದ್ದಳು. ಪ್ರತಿ ಬಡಿತಕ್ಕೂ ಗಾಜಿನ ಬಳೆಗಳ ಸದ್ದು ಕೇಳುತ್ತಿತ್ತು. ನಾನು ಗಟ್ಟಿಯಾಗಿ ಉಸಿರೆಳೆದುಕೊಂಡು ಬಾಯಿ ತೆರೆದೆ.

‘ಎಷ್ಟಂತ?’ ಎಂದು ಕೇಳಿದೆ.