ಮೂರು ಲೈವ್, ಒಂದು ಚಡ್ಡಿ

ಬಾಯಿ ಬಿಟ್ಟರೆ ಎಡವಟ್ಟಾಗುತ್ತದೆ ಎಂದು ಸುಮ್ಮನಿರುವವರ ಪೈಕಿ ನಾನು. ನನ್ನ ವಿಷಯದಲ್ಲಿ ಸುಮ್ಮನಿದ್ದರೂ ಎಡವಟ್ಟಾಗುತ್ತದೆ. ಆಟದ ಮೈದಾನಕ್ಕೂ ನನಗೂ ಅದೇನು ಋಣಾನುಬಂಧವೋ, ಮೈಕ್ ಹಿಡಿದು ಹೋದ ಕಡೆಯೆಲ್ಲ ಏನಾದರೊಂದು ಆಗಿಯೇ ತೀರುತ್ತದೆ.

ಮಂಡ್ಯದ ಸಣ್ಣದೊಂದು ಕೇಬಲ್ ಚಾನೆಲ್ಲಿನಲ್ಲಿ ನನಗೆ ಮೊದಲು ಸಿಕ್ಕಿದ್ದು ಪರದೆಯ ಕೆಳಗೆ ಓಡುವ ಸಾಲುಗಳನ್ನು ಟೈಪ್ ಮಾಡುವ ಕೆಲಸ. ಕಳೆದುಹೋದ ಮಾರ್ಕ್ಸ್ ಕಾರ್ಡು, ಬೋರ್‌ವೆಲ್ ಕೊರೆಯುವವರ ನಂಬರು, ಬಾಡಿಗೆಗೆ ಇರುವ ಮನೆ. ನಾನು ಓದಿದ ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಹಾಗಾಗಿ ಇಂಗ್ಲಿಷಿನಲ್ಲಿ ಮಾತಾಡಲು ನಾಚಿಕೆ, ಕನ್ನಡದಲ್ಲಿ ಮಾತಾಡಲು ಭಯ. ಬೆಂಚಿನ ಮೇಲೆ ನಿಂತಾಗ ಕಿಟಕಿಯಾಚೆ ಹುಡುಗರ ಕಬಡ್ಡಿ ಚೆನ್ನಾಗಿ ಕಾಣುತ್ತಿತ್ತು. ಆಟ ನೋಡುವುದನ್ನು ನಾನು ಕಲಿತದ್ದು ಹಾಗೆ.

ಒಂದು ದಿನ ಧೈರ್ಯ ಮಾಡಿ ಸರ್ ಟೇಬಲ್ಲಿನ ಮುಂದೆ ನಿಂತೆ. ಚಾನೆಲ್ಲು ಅವರದೇ.

"ಸರ್, ಸ್ಪೋರ್ಟ್ಸ್ ಕಾಮೆಂಟ್ರಿ ನಾನು ಹೇಳಲಾ?"

ಅವರಿಗೆ ಕೇಳಿಸಲಿಲ್ಲ. ಮೂರನೇ ಸಲ ಕೇಳಿಸಿತು.

"ನೀನಾ? ಕಾಮೆಂಟ್ರಿ ಅಂದ್ರೆ ಬಾಯಲ್ಲಿ ಮಾಡೋದು ಕಣಮ್ಮ," ಎಂದರು. ಆಮೇಲೆ ಏನನ್ನಿಸಿತೋ, "ಸರಿ, ಮೂರು ಲೈವ್ ಕೊಡ್ತೀನಿ. ಮೂರನೇದು ಮುಗಿಯೋ ಹೊತ್ತಿಗೆ ಜನ ಬಂದು, 'ಆ ಹುಡುಗೀನೇ ಕಳ್ಸಿ' ಅನ್ನಬೇಕು. ಅಂದ್ರೆ ಮೈಕ್ ನಿಂದು. ಇಲ್ಲಾಂದ್ರೆ ಬೋರ್‌ವೆಲ್ ನಂಬರ್ ಟೈಪ್ ಮಾಡ್ಕೊಂಡಿರು. ಮತ್ತೆ ಇದೇ ಮಾತು ಎತ್ಕೊಂಡು ಈ ಟೇಬಲ್ ಹತ್ರ ಬರಬಾರದು" ಎಂದರು.

ಡಬ್ ಡಬ್

ಮೊದಲನೆಯ ಲೈವ್ ಬೆಸಗರಹಳ್ಳಿಯಲ್ಲಿ, ವಾಲಿಬಾಲ್. ಹಿಂದಿನ ದಿನವೆಲ್ಲ ಕನ್ನಡಿಯ ಮುಂದೆ ನಿಂತು ಮಾತಾಡಿ ಅಭ್ಯಾಸ ಮಾಡಿದ್ದೆ. ಕನ್ನಡಿಯಲ್ಲಿ ನಾನೊಬ್ಬಳೇ ಇದ್ದೆ. ಮೈದಾನದಲ್ಲಿ ಇಡೀ ಊರೇ ಇತ್ತು.

ಕ್ಯಾಮೆರಾ ಹಿಡಿಯುವ ಅಣ್ಣ ಬೆರಳು ಮಡಚಿ ಮೂರು, ಎರಡು, ಒಂದು ಎಂದ. ನಾನು ಮೈಕನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡೆ. ಗಂಟಲಿನಿಂದ ಗಾಳಿಯೂ ಬರಲಿಲ್ಲ. ಮೊದಲ ಸರ್ವ್ ಆಯಿತು. ಆರು ಪಾಯಿಂಟ್ ಆಯಿತು. ಅಣ್ಣ ಕಣ್ಣಲ್ಲೇ "ಮಾತಾಡು, ಮಾತಾಡು" ಎಂದು ಬೇಡಿಕೊಳ್ಳುತ್ತಿದ್ದ. ನಾನು ತಲೆಯಾಡಿಸುತ್ತಿದ್ದೆ. ಅದೂ ಕ್ಯಾಮೆರಾದಲ್ಲಿ ಬರುತ್ತಿರಲಿಲ್ಲ.

ಅತ್ತ ಆಫೀಸಿಗೆ ಫೋನುಗಳು ಶುರುವಾಗಿದ್ದವು. "ಏನ್ ಸಾರ್, ಪಿಚ್ಚರ್ ಬತ್ತಾದೆ, ಸೌಂಡಿಲ್ಲ. ಬರೀ ಡಬ್ ಡಬ್ ಅಂತದೆ."

ಸರ್ ಕೇಬಲ್ ಹುಡುಕಲು ಲೈನ್‌ಮನ್‌ನನ್ನು ಓಡಿಸಿದರು. ಅವನು ಮದ್ದೂರಿನ ಕಡೆಯ ನಾಲ್ಕು ಕಂಬ ಹತ್ತಿ ಇಳಿದ. ಇದ್ದಬದ್ದ ಜಾಯಿಂಟೆಲ್ಲ ಬಿಚ್ಚಿ ಮತ್ತೆ ಕಟ್ಟಿದ. ಕೊನೆಗೆ ಐದನೇ ಕಂಬದ ಮೇಲಿಂದಲೇ ಫೋನ್ ಮಾಡಿದನಂತೆ: "ವೈರೆಲ್ಲಾ ಸರಿಯಾಗೇ ಅದೆ ಸಾರ್. ಆ ಡಬ್ ಡಬ್ ಎಲ್ಲಿಂದ ಬತ್ತಾದೆ ಅಂತ್ಲೇ ಗೊತ್ತಾಯ್ತಿಲ್ಲ."

ನನಗೆ ಗೊತ್ತಿತ್ತು. ಮೈಕು ಇನ್ನೂ ನನ್ನ ಎದೆಗೇ ಒತ್ತಿಕೊಂಡಿತ್ತು.

ಸೋತವರು ಯಾರೂ ಇಲ್ಲ

ಎರಡನೆಯದು ಮಳವಳ್ಳಿಯ ಹತ್ತಿರ ಎತ್ತಿನಗಾಡಿ ಓಟ. ಈ ಸಲ ಬಾಯಿ ತೆರೆಯಲೇಬೇಕೆಂದು ದಾರಿಯುದ್ದಕ್ಕೂ ಶಪಥ ಮಾಡಿಕೊಂಡು ಹೋದೆ. ತೆರೆದೆ. ಓಟ ಮುಗಿಯುತ್ತಿದ್ದಂತೆ ಸ್ಪಷ್ಟವಾಗಿ, ಶಾಲೆಯಲ್ಲಿ ಪದ್ಯ ಒಪ್ಪಿಸುವಂತೆ ಹೇಳಿದೆ: "ಬಿಳಿ ಎತ್ತುಗಳು ಗೆದ್ದಿವೆ. ಕಂದು ಎತ್ತುಗಳು ಸೋತಿವೆ."

ಎರಡು ನಿಮಿಷದಲ್ಲಿ ಕಂದು ಎತ್ತುಗಳ ಯಜಮಾನರು ಟವೆಲ್ ಕೊಡವಿಕೊಂಡು ಬಂದರು.

"ಏನಂದ್ಯವ್ವಾ ನೀನು? ನನ್ನ ಎತ್ತು ಸೋತ್ವಾ? ಮನೇಲಿ ಹೆಂಗಸ್ರು ಟೀವಿ ನೋಡ್ತಾವ್ರೆ. ಎತ್ತು ಸೋಲ್ಲಿಲ್ಲ ಕಣಮ್ಮ, ಗಾಡಿ ಹೊಡ್ದವ್ನು ಸೋತ. ತಿದ್ದಿ ಯೋಳು."

ಲೈವ್ ಇನ್ನೂ ಓಡುತ್ತಿತ್ತು. ತಿದ್ದಿದೆ: "ಎತ್ತುಗಳು ಸೋತಿಲ್ಲ. ಗಾಡಿ ಹೊಡೆದವರು ಸೋತಿದ್ದಾರೆ."

ಗಾಡಿ ಹೊಡೆದವನು ಚಾಟಿ ಹಿಡಿದೇ ಬಂದ. "ಅಕ್ಕೋ, ನನ್ ಮದ್ವೆ ಮಾತುಕತೆ ನಡೀತಾದೆ, ಹಿಂಗೆಲ್ಲಾ ಯೋಳ್ಬೇಡ. ಟ್ರ್ಯಾಕ್ ನೆಟ್ಟಗಿಲ್ಲ. ಆ ಕಡೆ ಗುಂಡಿ ಬಿದ್ದದೆ ನೋಡು."

ಮತ್ತೆ ತಿದ್ದಿದೆ: "ಗಾಡಿ ಹೊಡೆದವರು ಸೋತಿಲ್ಲ. ಟ್ರ್ಯಾಕಿನಲ್ಲಿ ಗುಂಡಿಯಿತ್ತು."

ಈಗ ಕಮಿಟಿಯವರು ಐದು ಜನ ಒಟ್ಟಿಗೇ ಬಂದರು. ಟ್ರ್ಯಾಕ್ ಮಾಡಿಸಿದ್ದು ಅವರು. "ನಾವು ಹದಿನೈದು ದಿನ ನಿಂತು ಮಾಡ್ಸಿದ್ದು. ಗುಂಡಿ ನಮ್ಮದಲ್ಲ, ನೆನ್ನೆ ಸುರೀತಲ್ಲ, ಆ ಮಳೇದು."

ಎತ್ತಿನವರು, ಗಾಡಿಯವನು, ಕಮಿಟಿ, ಎಲ್ಲ ನನ್ನ ಸುತ್ತ ನಿಂತು ನನ್ನ ತುಟಿಯನ್ನೇ ನೋಡುತ್ತಿದ್ದರು. ನಾನು ಮೈಕಿನಲ್ಲಿ, "ಇವತ್ತಿನ ಓಟದಲ್ಲಿ ಮಳೆ ಸೋತಿದೆ" ಎಂದೆ.

ಮಳೆಯ ಕಡೆಯವರು ಯಾರೂ ಬರಲಿಲ್ಲ. ಅಲ್ಲಿಗೆ ನಿಂತಿತು.

ಅಜ್ಜಿಯ ಅನುಮಾನ

ಎರಡು ಲೈವ್ ಹೋಗಿತ್ತು. 'ಆ ಹುಡುಗೀನೇ ಕಳ್ಸಿ' ಎಂದು ಯಾರೂ ಅಂದಿರಲಿಲ್ಲ. 'ಆ ಹುಡುಗಿ ಬ್ಯಾಡ' ಎಂದು ಇಬ್ಬರು ಅಂದಿದ್ದರು. ಮನೆಗೆ ಬಂದು ಮೂಲೆಯಲ್ಲಿ ಕೂತೆ. ನಮ್ಮಜ್ಜಿ ಅವರೆಕಾಯಿ ಬಿಡಿಸುತ್ತಿತ್ತು.

"ಅಲ್ಲ ಕಣವ್ವ," ಎಂದಿತು ಅಜ್ಜಿ, "ಗಾಡಿ ಮುಂದೆ ಓಗಿದ್ದು ಟೀವೀಲಿ ಎಲ್ರಿಗೂ ಕಾಣ್ತದೆ. ಕಾಣ್ತಾ ಇರೋದ್ನೇ ನೀನು ಮತ್ತೆ ಯೋಳದ್ಯಾಕೆ? ಕಾಣ್ದೇ ಇರೋದಿದ್ರೆ ಯೋಳು."

"ಅದೇ ಕೆಲಸ ಅಜ್ಜಿ ಇದು."

"ಇದ್ಕೆ ಕೆಲ್ಸ ಕೊಟ್ಟವ್ರಾ?"

"ಇನ್ನೂ ಕೊಟ್ಟಿಲ್ಲ. ಪರೀಕ್ಷೆ ಮಾಡ್ತಾ ಇದಾರೆ."

ಅಜ್ಜಿ ಒಂದು ಕಾಯಿ ಬಿಡಿಸಿ ಕಾಳು ಪಾತ್ರೆಗೆ ಹಾಕಿತು. "ಹಂಗಾರೆ ಅವರ್ಗೂ ಅನುಮಾನ ಅದೆ ಬುಡು."

ತೂಕ ಸರಿಹೋಗಲಿ

ಮೂರನೆಯದು ಮಂಡ್ಯದಲ್ಲಿ ಕಬಡ್ಡಿ ಫೈನಲ್. ಕೊತ್ತತ್ತಿಯ ರೈತರ ಹುಡುಗರಿಗೂ ಗೆಜ್ಜಲಗೆರೆಯ ಫ್ಯಾಕ್ಟರಿ ಹುಡುಗರಿಗೂ. ಸರ್ ಖುದ್ದು ಬಂದು ನನ್ನ ಹಿಂದೆಯೇ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬೆನ್ನಿಗೆ ಕೆಂಡ ಇಟ್ಟಂತಿತ್ತು.

ಬೆಳಿಗ್ಗೆಯಿಂದ ಕೂಗಿ ಕೂಗಿ ಮೈದಾನದ ಅನೌನ್ಸರ್ ಗಂಟಲು ಕಟ್ಟಿಹೋಗಿತ್ತು. ಪಂದ್ಯದ ಕಮಿಟಿಯವರು ನನ್ನ ಮೈಕಿನ ವೈರನ್ನೇ ಮೈದಾನದ ಲೌಡ್‌ಸ್ಪೀಕರಿಗೂ ಕೊಟ್ಟರು. ಕ್ಯಾಮೆರಾ ಅಣ್ಣ ಅದನ್ನು ನನಗೆ ಹೇಳಿದ. ನಾನು ತಲೆಯಾಡಿಸಿದೆ. ಗಾಬರಿಯಾದಾಗ ನಾನು ಎಲ್ಲದಕ್ಕೂ ತಲೆಯಾಡಿಸುತ್ತೇನೆ. ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡ ಮೇಲೆ ನನ್ನ ದನಿ ಊರಿಗೆಲ್ಲ ಕೇಳುತ್ತಿದೆ ಎಂಬುದೇ ಮರೆತುಹೋಯಿತು.

ಆ ದಿನ ಮಾತು ಬಂತು. ಅಜ್ಜಿ ಹೇಳಿದಂತೆ ಕಾಣುವುದನ್ನು ಬಿಟ್ಟು ಕಾಣದ್ದನ್ನೇ ಹೇಳುತ್ತ ಹೋದೆ. ಯಾರಿಗೆ ಸುಸ್ತಾಗಿದೆ, ಯಾರು ಮೊಣಕಾಲು ಮರೆಮಾಚುತ್ತಿದ್ದಾನೆ. ಸರ್ ಒಂದು ಸಲ ಹಿಂದಿನಿಂದ "ಹ್ಞೂಂ" ಎಂದರು. ಮೂವತ್ತೊಂದು ಮೂವತ್ತೊಂದು ಸಮ. ಆಟಕ್ಕೆ ಇನ್ನೊಂದೇ ನಿಮಿಷ. ಕೊತ್ತತ್ತಿಯ ರೈಡರ್ "ಕಬಡ್ಡಿ ಕಬಡ್ಡಿ" ಎನ್ನುತ್ತ ಗೆರೆ ದಾಟಿದ. ಜನ ಉಸಿರು ಬಿಗಿಹಿಡಿದಿದ್ದರು. ಅಂಥ ಮೌನದಲ್ಲಿ ನಾನು ಹೇಳಿದೆ:

"ಇವರು ಬಲಕ್ಕೆ ನುಗ್ಗುವ ಮೊದಲು ಪ್ರತಿಸಲವೂ ಎಡಗೈಯಿಂದ ಚಡ್ಡಿ ಮೇಲೆಳೆದುಕೊಳ್ಳುತ್ತಾರೆ. ಇವತ್ತು ಏಳು ಸಲ ಎಳೆದುಕೊಂಡಿದ್ದಾರೆ. ಏಳು ಸಲವೂ ಬಲಕ್ಕೇ ಹೋಗಿದ್ದಾರೆ."

ಗೆಜ್ಜಲಗೆರೆಯ ಏಳೂ ಜನರ ಕಣ್ಣು ಒಟ್ಟಿಗೇ ಚಡ್ಡಿಯ ಮೇಲೆ ಹೋಯಿತು. ರೈಡರ್‌ನ ಎಡಗೈ ಆಗಲೇ ಅರ್ಧ ದಾರಿಯಲ್ಲಿತ್ತು. ಅಲ್ಲೇ ನಿಂತಿತು. ಚಡ್ಡಿ ಜಾರುತ್ತಿದೆ, ಎಳೆದುಕೊಂಡರೆ ಗುಟ್ಟು ರಟ್ಟು, ಎಳೆದುಕೊಳ್ಳದಿದ್ದರೆ ಮಾನ ರಟ್ಟು. ಪಾಪ, ಎಳೆದುಕೊಂಡ. ಮೋಸ ಮಾಡೋಣವೆಂದು ಎಡಕ್ಕೆ ನುಗ್ಗಿದ. ಅಭ್ಯಾಸವಿಲ್ಲ, ತನ್ನ ಕಾಲಿಗೆ ತಾನೇ ತೊಡರಿ ಬಿದ್ದ. ಏಳೂ ಜನ ಮೇಲೆ ಬಿದ್ದರು.

ಹೆಡ್‌ಫೋನ್ ತೆಗೆದಾಗ ಕೊತ್ತತ್ತಿಯವರೆಲ್ಲ ನನ್ನ ಟೇಬಲ್ಲಿನ ಸುತ್ತ ಇದ್ದರು.

"ಯಾರ್ ಕಡೆಯೋಳಮ್ಮ ನೀನು?"

"ಕಾಮೆಂಟ್ರಿ ಯೋಳಕ್ ಬಂದ್ಯಾ, ಕೋಚಿಂಗ್ ಕೊಡಕ್ ಬಂದ್ಯಾ?"

ಗೆಜ್ಜಲಗೆರೆಯ ಕ್ಯಾಪ್ಟನ್ ಅತ್ತಲಿಂದ, "ಲೇ, ನಿಮ್ಮೋನ್ ಚಡ್ಡಿ ಲೂಸಾದ್ರೆ ಆ ಅಮ್ಮ ಏನ್ ಮಾಡ್ತದ್ಲಾ?" ಎಂದ. ಎರಡೂ ಕಡೆಯವರು ತೋಳು ಏರಿಸಿದರು. ಹಿಂದೆ ತಿರುಗಿ ನೋಡಿದೆ. ಸರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಮುಂದಿನ ಇಪ್ಪತ್ತು ವರ್ಷದ ಬೋರ್‌ವೆಲ್ ನಂಬರುಗಳೆಲ್ಲ ನನ್ನ ಕಣ್ಣ ಮುಂದೆ ಓಡಿದವು.

ಕಮಿಟಿಯ ಅಧ್ಯಕ್ಷರು ವಯಸ್ಸಾದವರು, ಪಂಚಾಯಿತಿ ಮಾಡಿ ಪಳಗಿದವರು. ಕೈ ಎತ್ತಿದರು. ಏರಿಸಿದ ತೋಳೆಲ್ಲ ಇಳಿದವು.

"ಕೊಟ್ಟ ಪಾಯಿಂಟ್ ವಾಪಸ್ ತಗಬೋದು. ಆ ರೈಡ್ ಮತ್ತೆ ಆಡ್ಲಿ. ಆದ್ರೆ ಕೇಳುಸ್ಕಂಡಿದ್ದ ವಾಪಸ್ ತಗಳಕ್ಕಾಯ್ತದಾ? ಕೊತ್ತತ್ತಿದೊಂದು ಗುಟ್ಟು ಓಯ್ತು. ಅದ್ಕೆ, ಗೆಜ್ಜಲಗೆರೇದೂ ಒಂದು ಗುಟ್ಟು ಓಗ್ಲಿ. ತೂಕ ಸರೋಯ್ತದೆ." ನನ್ನ ಕಡೆ ತಿರುಗಿದರು. "ಅವರ್ದೂ ಏನಾರಾ ನೋಡಿದ್ದೀಯೇನವ್ವಾ?"

ಸುಳ್ಳು ಹೇಳಲು ನನಗೆ ಬರುವುದಿಲ್ಲ. "ನಾಲ್ಕು ಇದೆ ತಾತ" ಎಂದೆ.

ಗೆಜ್ಜಲಗೆರೆಯವರ ಮುಖ ಬಿಳಿಚಿತು. "ಒಂದೇ! ಒಂದೇ ಯೋಳ್ಬೇಕು!" ಎಂದು ಕ್ಯಾಪ್ಟನ್ ಕಿರುಚಿದ.

"ಚಿಲ್ರೆ ಗುಟ್ಟೆಲ್ಲಾ ಬ್ಯಾಡ," ಎಂದರು ಕೊತ್ತತ್ತಿಯವರು. "ನಮ್ದು ದೊಡ್ಡದು ಓಗದೆ, ಅವರ್ದೂ ದೊಡ್ಡದೇ ಬರ್ಬೇಕು."

ನಾಲ್ಕರಲ್ಲಿ ಚಡ್ಡಿಗೆ ಸಮನಾದದ್ದು ಯಾವುದೆಂದು ಯೋಚಿಸಿ, ಮೈಕಿನಲ್ಲಿ ಹೇಳಿದೆ: "ಎಡ ಮೂಲೆಯಲ್ಲಿ ನಿಲ್ಲುವವರು ಕಾಲು ಹಿಡಿಯಲು ಹಾರುವ ಮುಂಚೆ ನಾಲಿಗೆ ಹೊರಗೆ ಹಾಕುತ್ತಾರೆ."

ಎಡ ಮೂಲೆಯವನು ತಕ್ಷಣ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ.

"ಮುಗೀತಲ್ಲ," ಎಂದರು ಅಧ್ಯಕ್ಷರು. "ರೆಫರಿಯೋರೇ, ನಿಮ್ದೇನಾರಾ?"

ರೆಫರಿ ನನ್ನ ಮುಖ ನೋಡಿದರು. ನಾನೂ ಅವರ ಮುಖ ನೋಡಿದೆ. ಅಷ್ಟೇ. ತಡಮಾಡದೆ ಪೀಪಿ ಊದಿ ಆಟ ಶುರುಮಾಡಿಬಿಟ್ಟರು.

ಕೊತ್ತತ್ತಿಯ ರೈಡರ್ ಎಲ್ಲರೆದುರೂ ಚಡ್ಡಿಯ ಲಾಡಿ ಬಿಗಿದು ಎರಡು ಗಂಟು ಹಾಕಿಕೊಂಡು ಬಂದ. ಗೆಜ್ಜಲಗೆರೆಯ ಎಡ ಮೂಲೆಯವನು ಬಾಯಿಗೆ ಟವೆಲ್ ಕಟ್ಟಿಕೊಂಡು ನಿಂತ. ಉಳಿದವರು ಕೈ ಎಲ್ಲಿಡಬೇಕು, ಕಣ್ಣು ಎಲ್ಲಿಡಬೇಕು ತಿಳಿಯದೆ ಶಾಲೆಯ ಗ್ರೂಪ್ ಫೋಟೋಗೆ ನಿಂತಂತೆ ನಿಂತರು. ಯಾರೂ ಮೂಗು ಒರೆಸಲಿಲ್ಲ. ಯಾರೂ ಕಣ್ಣು ಮಿಟುಕಿಸಲಿಲ್ಲ. ರೈಡರ್ ಅವರ ನಡುವೆ ವಾಕಿಂಗ್ ಮಾಡಿದಂತೆ ಓಡಾಡಿ, ಯಾರನ್ನೂ ಮುಟ್ಟದೆ ಬರಿಗೈಯಲ್ಲಿ ವಾಪಸಾದ. ಆಮೇಲೆ ಬಂದ ಗೆಜ್ಜಲಗೆರೆಯವನೂ ಹಾಗೇ ಓಡಾಡಿಕೊಂಡು ಹೋದ. ಹೋಗುವಾಗ ನನ್ನ ಕಡೆ ಒಮ್ಮೆ ಕದ್ದು ನೋಡಿದ. ಸಮಯ ಮುಗಿಯಿತು. ಆಟ ಸಮ, ಕಪ್ ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಎಂದು ಅಧ್ಯಕ್ಷರು ತೀರ್ಪು ಕೊಟ್ಟರು.

ನಾನು ವೈರು ಸುತ್ತುತ್ತ ನಿಂತಿದ್ದೆ. ಕೊತ್ತತ್ತಿಯ ಹಿರಿಯರೊಬ್ಬರು ಸರ್ ಹತ್ತಿರ ಬಂದು ಮೆಲ್ಲಗೆ, "ಮುಂದಿನ್ ತಿಂಗ್ಳು ನಮ್ಮೂರ್ ಟೂರ್ನಮೆಂಟ್‌ಗೆ ಆ ಹುಡ್ಗೀನೇ ಕಳ್ಸಿ ಸಾರ್. ಬೇರೆ ಊರಿಂದ ಬಂದೋರ್ ಗುಟ್ಟು ಮಾತ್ರ ಯೋಳ್ಲಿ" ಎಂದರು. ಅವರು ಅತ್ತ ಹೋಗುವುದನ್ನೇ ಕಾಯುತ್ತಿದ್ದ ಗೆಜ್ಜಲಗೆರೆಯ ಕ್ಯಾಪ್ಟನ್ ಬಂದು ಅದನ್ನೇ ಇನ್ನೂ ಮೆಲ್ಲಗೆ ಕೇಳಿದ.

ಸರ್ ನನ್ನನ್ನು ಕರೆದರು. ಅವರು ತಲೆ ಕೆರೆದುಕೊಳ್ಳಲು ಎತ್ತಿದ ಕೈಯನ್ನು ಅರ್ಧಕ್ಕೇ ತಡೆದು, ಜೇಬಿಗೆ ಹಾಕಿಕೊಂಡರು.

"ಸೋಮವಾರದಿಂದ ಮೈಕ್ ನಿಂದು," ಎಂದರು. "ಆದ್ರೆ ಒಂದು ಮಾತು. ಆಫೀಸಲ್ಲಿ ನಿನ್ ಕುರ್ಚಿ ಗೋಡೆ ಕಡೆ ತಿರುಗಿಸ್ಕೊಂಡು ಕೂತ್ಕೋಬೇಕು."